ಕಿವಿಯಲ್ಲಿ ಮಾತಾಡುವವರು ಯಾರು?



*ಇಂದಿನ ಚಿಂತನೆ*
(ಇಂದಿನದು ಸ್ವಲ್ಪ ಉದ್ದವಿದೆ. ಬಿಡುವು ಮಾಡಿಕೊಂಡು ಓದಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.)

ಕುರುಗೋಡಿನ ಭಾನುವಾರದ ಅಧ್ಯಯನದಲ್ಲಿ ಒಬ್ಬ ಅಕ್ಕ ಕೇಳಿದ ಪ್ರಶ್ನೆ ಇದು: "ಟೀಚರ್, ದೇವ್ರುಗಳನ್ನ ಪೂಜಿ ಮಾಡೋದಿಲ್ಲ ಅಂತ ಪ್ರತಿಜ್ಞಾ ಮಾಡೀವಿ. ದೆವ್ವ ಇಲ್ಲ ಅಂತೀವಿ. ಹಂಗಾದ್ರ ನನ್ನ ತಂಗಿ ಕಿವ್ಯಾಗ ಮಾತಾಡೋರು ಯಾರು?"

ಅಲ್ಲಿದ್ದವರಲ್ಲಿ ಇಬ್ಬರು ತಕ್ಷಣ ಉತ್ತರ ಕೊಟ್ಟರು. ಒಬ್ಬ ಹಿರಿಯರು, "ಹುಲಿಗೆಮ್ಮನ ಹರಕೆ ಬಾಕಿ ಇರಬೇಕವ್ವ, ಹಳೇದು ಬಿಟ್ಟಂಗಲ್ಲ" ಎಂದರು. ಕಾಲೇಜು ಓದುವ ಹುಡುಗನೊಬ್ಬ, "ಎಲ್ಲಾ ಸುಳ್ಳು, ಕೆಲಸ ತಪ್ಪಿಸಾಕ ನಾಟಕ" ಎಂದ. ಆ ಅಕ್ಕನ ಮುಖ ಎರಡು ಉತ್ತರಕ್ಕೂ ಒಂದೇ ರೀತಿ ಬಾಡಿತು. ಮೊದಲನೆಯ ಉತ್ತರ ತಂಗಿಯನ್ನು ಗುಡಿಗೆ ಎಳೆಯುತ್ತದೆ. ಎರಡನೆಯದು ಅವಳನ್ನು ಸುಳ್ಳಿಯನ್ನಾಗಿ ಮಾಡುತ್ತದೆ. ಎರಡರಲ್ಲೂ ಆ ಹುಡುಗಿಯ ನೋವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಬಾಬಾಸಾಹೇಬರು ತಮ್ಮ ಕೊನೆಯ ಗ್ರಂಥ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಯಾವುದು ಧಮ್ಮವಲ್ಲ ಎಂದು ಪಟ್ಟಿ ಮಾಡುವಾಗ ಮೊದಲು ಹೇಳುವುದೇ ಅತಿಮಾನುಷ ಶಕ್ತಿಯಲ್ಲಿ ನಂಬಿಕೆ ಧಮ್ಮವಲ್ಲ ಎಂದು. ಆದರೆ ಅವರು ಅಲ್ಲಿಗೇ ನಿಲ್ಲುವುದಿಲ್ಲ. ಪ್ರತಿಯೊಂದು ಘಟನೆಗೂ ಕಾರಣವಿದೆ, ಆ ಕಾರಣವನ್ನು ಹುಡುಕುವುದು ನಮ್ಮ ಹೊಣೆ ಎನ್ನುತ್ತಾರೆ. 'ದೆವ್ವ ಇಲ್ಲ' ಎಂದರೆ ಅರ್ಧ ಕೆಲಸ ಆದಂತೆ. 'ಹಾಗಾದರೆ ಏನಿದೆ' ಎಂದು ಹೇಳಿದಾಗಲೇ ಪೂರ್ತಿ. ನಾನು ಕನ್ನಡ ಪಾಠ ಹೇಳುವವಳು, ವೈದ್ಯೆಯಲ್ಲ. ಆದರೂ ಆ ಅಕ್ಕನಿಗೆ ಉತ್ತರ ಕೊಡಬೇಕೆಂದು ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

*1. ಕೇಳುವುದು ಕಿವಿಯಲ್ಲ*

ಹೊರಗಿನ ಸದ್ದು ಗಾಳಿಯ ಅಲೆಯಾಗಿ ಬಂದು ಕಿವಿಯ ತಮಟೆಗೆ ಬಡಿಯುತ್ತದೆ. ಮೂರು ಪುಟ್ಟ ಮೂಳೆಗಳು ಆ ಅದುರನ್ನು ಬಸವನ ಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಳಗಿವಿಗೆ ದಾಟಿಸುತ್ತವೆ. ಅಲ್ಲಿನ ಸೂಕ್ಷ್ಮ ಕೋಶಗಳು ಅದನ್ನು ವಿದ್ಯುತ್ ಸಂಕೇತ ಮಾಡಿ ನರದ ಮೂಲಕ ಮೆದುಳಿಗೆ ಕಳಿಸುತ್ತವೆ. ಅಲ್ಲಿಂದ ಮುಂದೆ ಸದ್ದು ಎಂಬುದೇ ಇಲ್ಲ, ಬರೀ ಸಂಕೇತ. ಕಿವಿಯ ಮೇಲ್ಭಾಗಕ್ಕೆ ನೇರವಾಗಿ ಒಳಗಿರುವ ಮೆದುಳಿನ ಭಾಗ ಆ ಸಂಕೇತವನ್ನು ಓದಿ 'ಅಮ್ಮ ಕರೀತಿದ್ದಾಳೆ', 'ಬಸ್ಸು ಬಂತು' ಎಂದು ಹೇಳುತ್ತದೆ. ಕಿವಿ ಬಾಗಿಲು ಮಾತ್ರ. ಕೇಳುವುದು ಮೆದುಳು.

ಈಗ ಯೋಚಿಸಿ. ಬಾಗಿಲಿನಿಂದ ಏನೂ ಬಾರದಿದ್ದರೂ ಮೆದುಳಿನ ಆ ಭಾಗ ತಾನಾಗಿ ಕೆಲಸ ಶುರು ಮಾಡಿದರೆ? ಆಗಲೂ ಕೇಳಿಸುತ್ತದೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಮೂರ್ಛೆರೋಗದವರಿಗೆ ಎಚ್ಚರವಿರುವಾಗಲೇ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕಿವಿಯ ಬಳಿಯ ಭಾಗಕ್ಕೆ ಸಣ್ಣ ವಿದ್ಯುತ್ ಮುಟ್ಟಿಸಿದಾಗ ಕೆಲವರಿಗೆ ಹಾಡು ಕೇಳಿಸಿತು, ಕೆಲವರಿಗೆ ಮನೆಯವರ ದನಿ ಕೇಳಿಸಿತು. ಕೋಣೆಯಲ್ಲಿ ಹಾಡುವವರು ಯಾರೂ ಇರಲಿಲ್ಲ. 1999ರಲ್ಲಿ ಜರ್ಮನಿಯ ಸಂಶೋಧಕರು ದನಿ ಕೇಳುವ ರೋಗಿಗಳನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ದನಿ ಬಂದಾಗ ಗುಂಡಿ ಒತ್ತಿ ಎಂದರು. ದನಿ ಕೇಳಿದ ಹೊತ್ತಿನಲ್ಲಿ, ಹೊರಗಿನ ಸದ್ದನ್ನು ಮೊದಲು ಸ್ವೀಕರಿಸುವ ಮೆದುಳಿನ ಭಾಗವೇ ಚುರುಕಾಗಿತ್ತು.

ಹಾಗಾಗಿ ಕಾಲೇಜು ಹುಡುಗನಿಗೆ ಮೊದಲ ಉತ್ತರ: ತಮ್ಮಾ, ಅವಳು ಸುಳ್ಳು ಹೇಳುತ್ತಿಲ್ಲ. ಅವಳಿಗೆ ನಿಜವಾಗಿಯೂ ಕೇಳಿಸುತ್ತಿದೆ, ನನ್ನ ಮಾತು ನಿನಗೆ ಕೇಳಿಸುವಷ್ಟೇ ನಿಜವಾಗಿ.

ಇದನ್ನು ಕನ್ನಡದಲ್ಲಿ 'ಶ್ರವಣ ಭ್ರಮೆ' ಎನ್ನುತ್ತಾರೆ. ಈ 'ಭ್ರಮೆ' ಎಂಬ ಪದದಿಂದ ಒಂದು ತೊಂದರೆಯಿದೆ. ತಪ್ಪು ತಿಳಿವಳಿಕೆಗೂ ಭ್ರಮೆ ಎನ್ನುತ್ತೇವೆ, ಹುಚ್ಚು ಆಸೆಗೂ ಭ್ರಮೆ ಎನ್ನುತ್ತೇವೆ. ಆದ್ದರಿಂದ ಕೇಳುವವರಿಗೆ 'ಬುದ್ಧಿ ಹೇಳಿದರೆ ಸರಿಹೋಗುತ್ತದೆ' ಎನಿಸುತ್ತದೆ. ಇದು ಬುದ್ಧಿಮಾತಿಗೆ ಹೋಗುವಂಥದ್ದಲ್ಲ. ಅದೇ ಪುರಾಣದಲ್ಲಿ ರಾಜನಿಗೆ ಕೇಳಿದರೆ 'ಅಶರೀರವಾಣಿ', ನಮ್ಮ ಕೇರಿಯ ಹುಡುಗಿಗೆ ಕೇಳಿದರೆ 'ಹುಚ್ಚು'. ಪದಗಳೂ ಜಾತಿ ನೋಡುತ್ತವೆ.

ಸಂಯುತ್ತ ನಿಕಾಯದಲ್ಲಿ ಭಗವಾನರು ಹೇಳಿದ ವೀಣೆಯ ದೃಷ್ಟಾಂತ ನಿಮಗೆ ನೆನಪಿರಬಹುದು. ಒಬ್ಬ ರಾಜ ಮೊದಲ ಸಲ ವೀಣೆಯ ನಾದ ಕೇಳಿ ಮರುಳಾಗುತ್ತಾನೆ. 'ಆ ನಾದವನ್ನು ತಂದುಕೊಡಿ' ಎನ್ನುತ್ತಾನೆ. ವೀಣೆ ತಂದರೆ, 'ವೀಣೆ ಬೇಡ, ನಾದ ಬೇಕು' ಎನ್ನುತ್ತಾನೆ. ಕೊನೆಗೆ ವೀಣೆಯನ್ನು ಚೂರುಚೂರು ಮಾಡಿ ಹುಡುಕಿದರೂ ಒಳಗೆ ನಾದ ಸಿಗುವುದಿಲ್ಲ. ತಂತಿ, ಬುರುಡೆ, ದಂಡಿಗೆ, ನುಡಿಸುವವನ ಶ್ರಮ ಎಲ್ಲ ಕೂಡಿದಾಗ ನಾದ ಹುಟ್ಟುತ್ತದೆ. ಒಳಗೆ ಅಡಗಿ ಕುಳಿತ 'ನಾದದ ಒಡೆಯ' ಯಾರೂ ಇಲ್ಲ. ಭಗವಾನರು ಇದನ್ನು 'ನಾನು' ಎಂಬುದರ ಬಗ್ಗೆ ಹೇಳಿದರು. ನಮ್ಮ ತಂಗಿಯ ಕಿವಿಯ ದನಿಗೂ ಅದೇ ಮಾತು ಹೊಂದುತ್ತದೆ. ಆ ದನಿಗೆ ಕಾರಣಗಳಿವೆ. ಒಳಗೆ ಹೊಕ್ಕು ಕುಳಿತವರು ಯಾರೂ ಇಲ್ಲ.

*2. ಒಳಮಾತಿಗೆ 'ನನ್ನದು' ಎಂಬ ಗುರುತು ಬೀಳದಿದ್ದಾಗ*

ನಾವೆಲ್ಲರೂ ಮನಸ್ಸಿನಲ್ಲಿ ಮಾತಾಡಿಕೊಳ್ಳುತ್ತೇವೆ. 'ಗ್ಯಾಸ್ ಆಫ್ ಮಾಡಿದೆನಾ?' 'ಸಂತೆಯಲ್ಲಿ ಎಷ್ಟು ಖರ್ಚಾಯಿತು?' ಈ ಒಳಮಾತು ನಮ್ಮದೇ ಎಂದು ನಮಗೆ ಗೊತ್ತು. ಹೇಗೆ ಗೊತ್ತು?

ಮೆದುಳು ಒಂದು ಕೆಲಸ ಮಾಡಿಸುವಾಗ ಅದರ ಮುಂಗಡ ಸುದ್ದಿಯನ್ನು ತನ್ನದೇ ಬೇರೆ ಭಾಗಗಳಿಗೂ ಕಳಿಸುತ್ತದೆ: 'ಈಗ ಬರುವುದು ನಮ್ಮದೇ, ಗಾಬರಿ ಬೇಡ.' ಸಿರುಗುಪ್ಪದ ಕಡೆಯ ರೈತರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 'ರಾತ್ರಿ ತೂಬು ಎತ್ತುತ್ತೇವೆ, ನಿಮ್ಮ ಪಾಳಿ' ಎಂದು ಮೊದಲೇ ಸುದ್ದಿ ಬಂದರೆ, ಬೆಳಿಗ್ಗೆ ಗದ್ದೆಯಲ್ಲಿ ನೀರು ಕಂಡಾಗ ಯಾರೂ ಬೆಚ್ಚುವುದಿಲ್ಲ. ಸುದ್ದಿ ಬಾರದೆ ಗದ್ದೆ ತುಂಬಿದ್ದರೆ? 'ಯಾವನು ಬದು ಕಡಿದವನು?' ಎಂದು ಜಗಳಕ್ಕೆ ಹೋಗುತ್ತೇವೆ. ನೀರು ಅದೇ ಕಾಲುವೆಯದು. ತಪ್ಪಿದ್ದು ಸುದ್ದಿ ಮಾತ್ರ.

ನಿಮ್ಮ ಅಂಗಾಲಿಗೆ ನೀವೇ ಕಚಗುಳಿ ಇಟ್ಟುಕೊಂಡು ನೋಡಿ, ನಗು ಬರುವುದಿಲ್ಲ. ಬೇರೆಯವರು ಇಟ್ಟರೆ ಬರುತ್ತದೆ. ನಿಮ್ಮ ಬೆರಳಿನ ಮುಂಗಡ ಸುದ್ದಿ ಮೆದುಳಿಗೆ ತಲುಪಿ ಆ ಸ್ಪರ್ಶವನ್ನು ಸಪ್ಪೆ ಮಾಡಿಬಿಡುತ್ತದೆ. 2000ದಲ್ಲಿ ಲಂಡನ್ನಿನ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ದನಿ ಕೇಳುವ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ತಾವೇ ಮುಟ್ಟಿಕೊಂಡದ್ದೂ ಬೇರೆಯವರು ಮುಟ್ಟಿದ್ದೂ ಅವರಿಗೆ ಹೆಚ್ಚುಕಡಿಮೆ ಒಂದೇ ಎನಿಸಿತು. ಮಾತಿನಲ್ಲೂ ಹೀಗೆಯೇ. ನಾವು ಮಾತಾಡುವಾಗ ನಮ್ಮ ದನಿಗೆ ನಮ್ಮ ಮೆದುಳಿನ ಕೇಳುವ ಭಾಗ ಕಡಿಮೆ ಸ್ಪಂದಿಸುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ತಗ್ಗುವಿಕೆ ಅಷ್ಟಾಗಿ ಆಗುವುದಿಲ್ಲ ಎಂದು ಮೆದುಳಿನ ಅಲೆಗಳನ್ನು ಅಳೆದವರು ಕಂಡಿದ್ದಾರೆ.

ಇನ್ನೆರಡು ಸಾಕ್ಷಿಗಳು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಮನೋವೈದ್ಯ ಲೂಯಿ ಗೌಲ್ಡ್ ಒಬ್ಬ ರೋಗಿಯ ಅತಿ ಮೆಲ್ಲನೆಯ ಪಿಸುಗುಟ್ಟುವಿಕೆಯನ್ನು ಮೈಕಿನಲ್ಲಿ ದೊಡ್ಡದು ಮಾಡಿ ಕೇಳಿದರು. 'ಅವರು ಹೀಗೆ ಹೇಳುತ್ತಿದ್ದಾರೆ' ಎಂದು ರೋಗಿ ಹೇಳುತ್ತಿದ್ದ ಮಾತೂ ಆ ಪಿಸುಮಾತೂ ಹೊಂದುತ್ತಿದ್ದವು. 1993ರಲ್ಲಿ ಲಂಡನ್ನಿನ ವೈದ್ಯರು, ದನಿ ಕೇಳುವ ಹೊತ್ತಿನಲ್ಲಿ ಮೆದುಳಿನ ಎಡಭಾಗದಲ್ಲಿ ಮಾತನ್ನು ಕಟ್ಟುವ 'ಬ್ರೋಕಾ' ಭಾಗಕ್ಕೆ ರಕ್ತದ ಹರಿವು ಹೆಚ್ಚಿದ್ದನ್ನು ಕಂಡರು. ಎಂದರೆ ಮೆದುಳೇ ಮಾತು ಕಟ್ಟುತ್ತಿದೆ, ಮೆದುಳೇ ಕೇಳುತ್ತಿದೆ. ನಡುವೆ 'ಇದು ನನ್ನದು' ಎಂಬ ಸುದ್ದಿ ತಪ್ಪಿದೆ.

ಎಲ್ಲರ ದನಿಗೂ ಇದೊಂದೇ ವಿವರಣೆ ಸಾಲದು. ಕೆಲವರಿಗೆ ಹಳೆಯ ನೆನಪು ತಾನಾಗಿ ಎದ್ದು ದನಿಯಾಗುತ್ತದೆ. ಕೆಲವರಿಗೆ ಬರೀ ಸಂಗೀತ ಕೇಳುತ್ತದೆ. ಕೆಲವರಲ್ಲಿ ಕಾರಣ ಇನ್ನೊಂದು, ಅದನ್ನು ಮುಂದೆ ನೋಡೋಣ.

*3. ಊಹಿಸುವ ಮೆದುಳು*

ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವ ಅಕ್ಕಂದಿರನ್ನು ಕೇಳಿ. ಸಾಲು ಮಷಿನ್‌ಗಳ ಗದ್ದಲದಲ್ಲಿ ಯಾರೋ ಹೆಸರು ಹಿಡಿದು ಕರೆದಂತಾಗಿ ತಿರುಗಿ ನೋಡಿದ್ದು ಎಷ್ಟು ಸಲ! ಮನೆಯಲ್ಲಿ ಫ್ಯಾನಿನ ಸದ್ದಿನಲ್ಲಿ ಮೊಬೈಲ್ ರಿಂಗಾದಂತೆ ಆಗುವುದಿಲ್ಲವೇ? ಯಾರದೋ ಫೋನಿಗೆ ಕಾಯುತ್ತಿರುವ ದಿನ ಇದು ಹೆಚ್ಚು.

ಏಕೆಂದರೆ ಮೆದುಳು ಸದ್ದು ಪೂರ್ತಿ ಬರುವವರೆಗೆ ಕಾಯುವುದಿಲ್ಲ. 'ಇದೇ ಇರಬೇಕು' ಎಂದು ಮೊದಲೇ ಊಹಿಸಿ, ಬಂದ ಸದ್ದಿನ ಜೊತೆ ಒರೆಗೆ ಹಚ್ಚುತ್ತದೆ. ಊಹೆ ಬಲವಾಗಿ, ಒರೆ ಹಚ್ಚುವುದು ಸಡಿಲವಾದರೆ ಊಹೆಯೇ ಕೇಳಿಸತೊಡಗುತ್ತದೆ. 2017ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಒಂದು ಚಿತ್ರ ಮತ್ತು ಒಂದು ಸಣ್ಣ ಸದ್ದನ್ನು ಮತ್ತೆ ಮತ್ತೆ ಜೊತೆಗೂಡಿಸಿ ತೋರಿಸಿದರು. ಆಮೇಲೆ ಸದ್ದು ನಿಲ್ಲಿಸಿ ಚಿತ್ರ ಮಾತ್ರ ತೋರಿಸಿದರೂ 'ಸದ್ದು ಕೇಳಿತು' ಎಂದವರಿದ್ದರು. ಆರೋಗ್ಯವಂತರಲ್ಲೂ ಇದು ಆಯಿತು. ಮೊದಲಿನಿಂದ ದನಿ ಕೇಳುವವರಲ್ಲಿ ಬಹಳ ಹೆಚ್ಚು ಆಯಿತು.

ಇಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. 'ಇದು ಮುಖ್ಯ, ಇದಕ್ಕೆ ಗಮನ ಕೊಡು' ಎಂದು ಮೆದುಳಿಗೆ ಹೇಳುವ ಕೆಲಸ ಅದರದು. ಅದು ಅತಿಯಾದಾಗ ಸಾಮಾನ್ಯ ಸದ್ದು, ಸಾಮಾನ್ಯ ಯೋಚನೆ ಎಲ್ಲವೂ 'ನನ್ನನ್ನೇ ಕುರಿತದ್ದು' ಎನಿಸುತ್ತದೆ. ಪಕ್ಕದ ಮನೆಯವರು ಕೆಮ್ಮಿದರೆ ಅದೊಂದು ಸನ್ನೆ. ಟಿ.ವಿ.ಯಲ್ಲಿ ಬಂದ ಸುದ್ದಿ ತನಗೇ ಬಂದ ಬೆದರಿಕೆ. ಮನೋರೋಗದ ಔಷಧಗಳು ಬಹುಪಾಲು ಈ ಡೋಪಮಿನ್‌ನ ಅಬ್ಬರವನ್ನೇ ತಗ್ಗಿಸುತ್ತವೆ. 1952ರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಮಾತ್ರೆ ಬಳಕೆಗೆ ಬಂದ ಮೇಲೆ, ಸರಪಳಿಯಲ್ಲಿ ಬದುಕು ಮುಗಿಸುತ್ತಿದ್ದ ಎಷ್ಟೋ ಜನ ಮನೆಗೆ ಮರಳಿದರು. ದೇವಿಯೋ ದೆವ್ವವೋ ಆಗಿದ್ದರೆ ಒಂದು ಮಾತ್ರೆಗೆ ಹೆದರಿ ಸುಮ್ಮನಾಗುತ್ತಿತ್ತೆ?

*4. ದನಿಗೆ ಹೆಸರಿಡುವುದು ಸಮಾಜ*

ದನಿಯನ್ನು ಹುಟ್ಟಿಸುವುದು ಮೆದುಳು. ಆದರೆ ಅದು ಯಾರ ದನಿ, ಏನು ಹೇಳುತ್ತದೆ ಎಂಬುದನ್ನು ನಾವು ಬೆಳೆದ ಲೋಕ ತುಂಬಿಕೊಡುತ್ತದೆ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್ ಮತ್ತು ಸಂಗಡಿಗರು ಅಮೆರಿಕ, ಆಫ್ರಿಕಾದ ಘಾನಾ ಮತ್ತು ನಮ್ಮ ಚೆನ್ನೈನಲ್ಲಿ ತಲಾ 20 ರೋಗಿಗಳನ್ನು ಮಾತಾಡಿಸಿದರು. ಅಮೆರಿಕದವರಿಗೆ ಹೆಚ್ಚಾಗಿ ಅಪರಿಚಿತರ ಹಿಂಸೆಯ ದನಿ. ಘಾನಾದವರಲ್ಲಿ ಹಲವರಿಗೆ ದೇವರ ದನಿ. ಚೆನ್ನೈನವರಲ್ಲಿ ಹಲವರಿಗೆ ನೆಂಟರ ದನಿ: ಸ್ನಾನ ಮಾಡು, ಅಡುಗೆ ಮಾಡು ಎನ್ನುವಂಥದು. ಮೂರೂ ಕಡೆ ಕಾಯಿಲೆ ಒಂದೇ, ಮಾತಾಡುವವರು ಬೇರೆ ಬೇರೆ.

ನಮ್ಮ ಭಾಗದಲ್ಲಿ ಹುಲಿಗೆಮ್ಮ, ಎಲ್ಲಮ್ಮ, ಉಚ್ಚಂಗೆಮ್ಮ ಮಾತಾಡುವುದೇಕೆ ಎಂದು ಈಗ ಹೊಳೆಯುತ್ತದೆ. ಹುಟ್ಟಿದಾಗಿನಿಂದ ಆ ಹೆಸರುಗಳೇ ಕಿವಿಗೆ ಬಿದ್ದಿವೆ. ಇದರ ಬೆಲೆ ಯಾರು ತೆತ್ತರು ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೂದಲು ಜಡೆಗಟ್ಟಿದರೆ, ವಾಸಿಯಾಗದ ಕಾಯಿಲೆ ಬಂದರೆ, ಮೈಮೇಲೆ ಬಂದಂತಾದರೆ 'ತಾಯಿ ಕರೆದಳು' ಎಂದು ನಮ್ಮ ಕೇರಿಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ಮೇಲಿನ ಓಣಿಯ ಹುಡುಗಿಗೆ ಅದೇ ಆದರೆ ಡಾಕ್ಟರು, ನಮ್ಮ ಹುಡುಗಿಗಾದರೆ ದೇವದಾಸಿ ಪಟ್ಟ. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂತು. ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು. 'ತಾಯಿ ಕರೆದಳು' ಎಂಬ ವಿವರಣೆಯನ್ನು ಮನಸ್ಸಿನಿಂದ ತೆಗೆಯುವ ಕೆಲಸ ನಮ್ಮದು.

ಇನ್ನೊಂದು ಮಾತು. ಚಿಕ್ಕಂದಿನಲ್ಲಿ ಹಿಂಸೆ, ಅವಮಾನ, ಲೈಂಗಿಕ ದೌರ್ಜನ್ಯ ಅನುಭವಿಸಿದವರಲ್ಲಿ ಇಂಥ ದನಿಗಳು ಹೆಚ್ಚು ಎಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಬೈಯುವ ದನಿಗಳು ಬೈಗುಳವನ್ನು ಎಲ್ಲಿಂದ ಕಲಿತವು? ಹೊರಗಿನವರ ಬಾಯಿಂದಲೇ. ನಮ್ಮ ಮಕ್ಕಳು ಶಾಲೆಯಲ್ಲಿ, ಹೋಟೆಲಿನಲ್ಲಿ, ಹೊಲದಲ್ಲಿ ಕೇಳಿಸಿಕೊಂಡ ಜಾತಿಯ ಬೈಗುಳ ಒಳಗೆ ಹೋಗಿ ಕೂತು, ಮೆದುಳು ದಣಿದ ದಿನ ಮತ್ತೆ ಮಾತಾಡಬಹುದು. ಎಲ್ಲರದೂ ಹೀಗೆಯೇ ಎಂದು ಹೇಳುತ್ತಿಲ್ಲ. ಆದರೆ 'ನೀನು ಹೊಲಸು, ನೀನು ಸಾಯಿ' ಎನ್ನುವ ದನಿ ಕೇಳುವ ಮಗುವಿಗೆ, 'ಆ ಮಾತು ನಿನ್ನ ಸತ್ಯವಲ್ಲ, ಯಾರೋ ನಿನ್ನೊಳಗೆ ಬಿಟ್ಟುಹೋದ ಕಸ' ಎಂದು ಹೇಳುವ ಹಕ್ಕು ಮತ್ತು ಹೊಣೆ ನಮಗಿದೆ.

*5. ದನಿ ಕೇಳಿದವರೆಲ್ಲ ಒಂದೇ ಅಲ್ಲ*

ನಿದ್ದೆಗೆ ಜಾರುವಾಗ, ಏಳುವಾಗ ಯಾರೋ ಕರೆದಂತೆ ಕೇಳುವುದು ಅನೇಕರಿಗೆ ಉಂಟು. ಗಂಡ ಅಥವಾ ಹೆಂಡತಿ ತೀರಿಹೋದವರಿಗೆ ಅವರ ದನಿ, ಹೆಜ್ಜೆ ಸದ್ದು ಕೇಳುವುದೂ ಉಂಟು. 1971ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಡೀವಿ ರೀಸ್ ಎಂಬ ವೈದ್ಯರು ಸಂಗಾತಿ ಕಳೆದುಕೊಂಡ 293 ಜನರನ್ನು ಕೇಳಿದಾಗ, ಸುಮಾರು ಅರ್ಧದಷ್ಟು ಜನ ಸತ್ತವರು ಜೊತೆಗಿದ್ದಂತೆ ಒಂದಲ್ಲ ಒಂದು ರೀತಿ ಅನುಭವವಾಗಿದೆ ಎಂದರು. ಅದರಲ್ಲಿ ದನಿ ಕೇಳಿದವರೂ ಇದ್ದರು. ಅದು ರೋಗವೂ ಅಲ್ಲ, ಆತ್ಮವೂ ಅಲ್ಲ. ವರ್ಷಾನುಗಟ್ಟಲೆ ಆ ದನಿಗಾಗಿ ಕಾದು ರೂಢಿಯಾದ ಮೆದುಳಿನ ಊಹೆ, ಮತ್ತು ಪ್ರೀತಿ. ಅಂಥ ಅಜ್ಜಿಗೆ ಹೆದರಿಸಬೇಡಿ, ಮಾಂತ್ರಿಕನ ಹತ್ತಿರ ಕರೆದೊಯ್ಯಬೇಡಿ. ಪಕ್ಕದಲ್ಲಿ ಕುಳಿತು ಅಜ್ಜನ ಮಾತು ತೆಗೆಯಿರಿ, ಅಷ್ಟು ಸಾಕು.

ಕಿವಿ ಮಂದವಾದ ಹಿರಿಯರಿಗೆ ಹಾಡು, ಭಜನೆ ಕೇಳಿಸಬಹುದು. ಹೊರಗಿನ ಸದ್ದು ನಿಂತಾಗ ಮೆದುಳು ತಾನೇ ಹಾಡತೊಡಗುತ್ತದೆ. ಅವರನ್ನು ಮೊದಲು ಕಿವಿಯ ವೈದ್ಯರಿಗೆ ತೋರಿಸಿ.

ಆದರೆ ಈ ಮೂರನ್ನು ತಡ ಮಾಡಬೇಡಿ.
• ಬಹಳ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟು ಎರಡು ಮೂರು ದಿನದಲ್ಲಿ ದನಿ ಕೇಳಿ, ಕೈ ನಡುಗಿ, ದಿಕ್ಕು ತಪ್ಪಿದರೆ ಅದು ಜೀವಕ್ಕೆ ಅಪಾಯ. ಅಂದೇ ಆಸ್ಪತ್ರೆಗೆ.
• ಹೆರಿಗೆಯಾದ ಕೆಲವೇ ವಾರಗಳಲ್ಲಿ ತಾಯಿಗೆ ದನಿ ಕೇಳಿದರೆ ತಾಯಿಗೂ ಕೂಸಿಗೂ ಅಪಾಯ. 'ಬಾಣಂತಿಗೆ ಗಾಳಿ ಸೋಕೈತಿ' ಎಂದು ಕೂರಬೇಡಿ.
• 'ಸಾಯಿ', 'ಅವರನ್ನು ಹೊಡಿ' ಎಂದು ದನಿ ಆಜ್ಞೆ ಮಾಡುತ್ತಿದ್ದರೆ ಅವರನ್ನು ಒಂಟಿ ಬಿಡಬೇಡಿ.

ಜ್ವರ ತಲೆಗೇರಿದಾಗ, ಮೂರ್ಛೆರೋಗದಲ್ಲಿ, ತೀವ್ರ ಖಿನ್ನತೆಯಲ್ಲಿ, ಗಾಂಜಾ ಸೇದುವವರಲ್ಲಿ ಸಹ ದನಿ ಬರಬಹುದು. ಸ್ಕಿಜೋಫ್ರೇನಿಯಾದಲ್ಲಿ ಬಹುಪಾಲು ಜನರಿಗೆ ಬರುತ್ತದೆ. ಯಾವುದು ಎಂದು ಹೇಳಬೇಕಾದವರು ವೈದ್ಯರು, ನಾನಲ್ಲ, ನೀವಲ್ಲ, ಪೂಜಾರಿಯಂತೂ ಅಲ್ಲ.

*6. ದೇಶಕ್ಕೆ ದಾರಿ ತೋರಿದ್ದು ನಮ್ಮ ಜಿಲ್ಲೆ*

ಈ ವಿಷಯದಲ್ಲಿ ಬಳ್ಳಾರಿಗೆ ಒಂದು ಹೆಮ್ಮೆಯ ಚರಿತ್ರೆಯಿದೆ. ನಮ್ಮಲ್ಲೇ ಅನೇಕರಿಗೆ ಅದು ಗೊತ್ತಿಲ್ಲ.

ಆಗ ಮನೋರೋಗಿಯನ್ನು ಬೆಂಗಳೂರಿಗೋ ಧಾರವಾಡಕ್ಕೋ ಕರೆದೊಯ್ಯಬೇಕಿತ್ತು. ಕೂಲಿ ಮಾಡುವವರಿಗೆ ಅದು ಆಗುವ ಮಾತೇ? ಅದಕ್ಕೇ ಗುಡಿ, ದರ್ಗಾ, ಬೇವಿನ ಸೊಪ್ಪು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು ಒಂದು ಪ್ರಯೋಗ ಶುರು ಮಾಡಿತು. ಮನೋವೈದ್ಯರು ಪ್ರತಿ ಊರಿಗೆ ಬರಲಾರರು. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮನೋರೋಗ ಗುರುತಿಸಿ ಔಷಧ ಕೊಡುವ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ 'ಒಬ್ಬರೇ ಮಾತಾಡುವವರು, ಇಲ್ಲದ ದನಿ ಕೇಳುವವರು ಇದ್ದಾರೆಯೇ' ಎಂದು ಗಮನಿಸಲು ಕಲಿಸಿದರು. ಮುಖ್ಯ ಔಷಧಗಳು ಹಳ್ಳಿಯ ಆಸ್ಪತ್ರೆಯಲ್ಲೇ ಸಿಗುವಂತೆ ಮಾಡಿದರು.

ಇದು 'ಬಳ್ಳಾರಿ ಮಾದರಿ' ಎಂದು ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದಲ್ಲಿ ಆರಂಭಿಸಿದಾಗ ಅದಕ್ಕೆ ಇದೇ ಬುನಾದಿ. ಇಂದು ದೇಶದ ಯಾವುದೋ ಮೂಲೆಯ ಜಿಲ್ಲಾಸ್ಪತ್ರೆಯಲ್ಲಿ ದನಿ ಕೇಳುವ ಹುಡುಗಿಗೆ ಮಾತ್ರೆ ಸಿಕ್ಕರೆ, ಅದರ ಹಿಂದೆ ನಮ್ಮ ಜಿಲ್ಲೆಯ ಅನುಭವವಿದೆ. ಹಾಗಿರುವಾಗ ನಮ್ಮ ಹುಡುಗಿ ಗುಡಿಯ ಕಂಬಕ್ಕೆ ಕಟ್ಟಿಸಿಕೊಳ್ಳುವುದೆಂದರೆ ದೀಪದ ಬುಡದಲ್ಲಿ ಕತ್ತಲೆ ಎಂದಂತೆ.

ನಿಮ್ಹಾನ್ಸ್‌ನಲ್ಲಿ ಮುಂದೆಯೂ ಕೆಲಸ ನಡೆದಿದೆ. ಔಷಧ ತೆಗೆದುಕೊಂಡರೂ ದನಿ ನಿಲ್ಲದವರಿಗೆ ತಲೆಯ ಎಡಭಾಗದ ಮೇಲಿನಿಂದ ಅತಿ ಸಣ್ಣ ವಿದ್ಯುತ್ ಹರಿಸಿ ದನಿಯನ್ನು ತಗ್ಗಿಸುವ ವಿಧಾನವನ್ನು ಅಲ್ಲಿ ಪರೀಕ್ಷಿಸಿದ್ದಾರೆ, ಕೆಲವರಲ್ಲಿ ಪ್ರಯೋಜನವಾಗಿದೆ. ಇದು 'ಕರೆಂಟ್ ಕೊಡುವುದು' ಎಂದು ಜನ ಹೆದರುವ ಚಿಕಿತ್ಸೆಯಲ್ಲ. ರೋಗಿ ಎಚ್ಚರವಾಗಿ ಕುಳಿತೇ ಇರುತ್ತಾರೆ.

ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಬರೆ ಹಾಕುವುದು ಕರ್ನಾಟಕದಲ್ಲಿ ಈಗ ಅಪರಾಧ. 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ ಅದನ್ನು ಹೇಳುತ್ತದೆ. ಅದೇ ವರ್ಷದ ಕೇಂದ್ರದ ಮಾನಸಿಕ ಆರೋಗ್ಯ ಕಾಯ್ದೆ, ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ, ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸುತ್ತದೆ. ಇದು ದಯೆಯ ದಾನವಲ್ಲ, ಹಕ್ಕು.

*7. ಗಗ್ಗ ಭಿಕ್ಕುವಿನ ಕಥೆ*

ವಿನಯಪಿಟಕದಲ್ಲಿ ಗಗ್ಗ ಎಂಬ ಭಿಕ್ಕುವಿನ ಪ್ರಸಂಗ ಬರುತ್ತದೆ. ಅವರಿಗೆ ಬುದ್ಧಿ ಕದಡಿತ್ತು. ಉಪೋಸಥದ ಸಭೆಗೆ ಬರುವುದು ಕೆಲವೊಮ್ಮೆ ನೆನಪಿರುತ್ತಿತ್ತು, ಕೆಲವೊಮ್ಮೆ ಇರುತ್ತಿರಲಿಲ್ಲ. ಸಂಘದಲ್ಲಿ ಒಬ್ಬರು ಬಾರದಿದ್ದರೆ ಸಭೆ ಪೂರ್ಣವಾಗದು. ಏನು ಮಾಡಬೇಕು? ಭಗವಾನರು ಅವರನ್ನು ಸಂಘದಿಂದ ಹೊರಗೆ ಹಾಕಲಿಲ್ಲ. 'ಗಗ್ಗನಿಗೆ ನೆನಪಿರಲಿ, ಇಲ್ಲದಿರಲಿ, ಅವನು ಬರಲಿ, ಬಾರದಿರಲಿ, ಸಂಘದ ಕಾರ್ಯ ಸಿಂಧು' ಎಂಬ ಅರ್ಥದ ಒಂದು ಒಪ್ಪಿಗೆಯನ್ನು ಸಂಘವೇ ಕೊಡಬೇಕೆಂದು ವಿಧಿಸಿದರು. ಕಾಯಿಲೆಯವನಿಗೆ ತಕ್ಕಂತೆ ನಿಯಮವೇ ಬಾಗಿತು.

ಕಥೆಯ ಎರಡನೆಯ ಭಾಗ ನನಗೆ ಇನ್ನೂ ದೊಡ್ಡದು. ಗಗ್ಗ ಗುಣವಾದ ಮೇಲೆ, ಹುಚ್ಚಿನಲ್ಲಿ ಮಾಡಿದ ಕೆಲಸಗಳನ್ನು ಎತ್ತಿ ಕೆಲವು ಭಿಕ್ಕುಗಳು ಚುಚ್ಚುತ್ತಿದ್ದರು. 'ನನಗೆ ಆಗ ಬುದ್ಧಿ ಇರಲಿಲ್ಲ, ನೆನಪಿಲ್ಲ' ಎಂದರೂ ಬಿಡಲಿಲ್ಲ. ಆಗ ಭಗವಾನರು 'ಅಮೂಳ್ಹ ವಿನಯ' ಎಂಬ ತೀರ್ಮಾನವನ್ನು ಕೊಡಿಸಿದರು. ಬುದ್ಧಿ ಕದಡಿದ್ದಾಗ ಆದದ್ದು ಅಪರಾಧವಲ್ಲ, ಈಗ ಅವನು ಸ್ವಸ್ಥ, ಆ ವಿಷಯವನ್ನು ಇನ್ನು ಯಾರೂ ಎತ್ತುವಂತಿಲ್ಲ ಎಂಬುದು ಅದರ ಅರ್ಥ.

ಎರಡೂವರೆ ಸಾವಿರ ವರ್ಷಗಳ ಹಿಂದಿನ ಸಂಘಕ್ಕೆ ಇದು ಗೊತ್ತಿತ್ತು. ನಮ್ಮ ಕೇರಿಯಲ್ಲಿ ಮಾತ್ರೆ ತೆಗೆದುಕೊಂಡು ಗುಣವಾಗಿ ಮತ್ತೆ ಗಾರೆ ಕೆಲಸಕ್ಕೆ, ಹೊಲಿಗೆ ಕೆಲಸಕ್ಕೆ ಹೋಗುವವರನ್ನು ಈಗಲೂ ಹತ್ತು ವರ್ಷದ ಹಿಂದಿನ ಹೆಸರಿನಿಂದಲೇ ಕರೆಯುತ್ತಾರೆ. ಹೆಣ್ಣು ನೋಡಲು ಬಂದವರ ಕಿವಿಯಲ್ಲಿ ಯಾರೋ ಊದುತ್ತಾರೆ. ತಲೆಮಾರುಗಳ ಕಾಲ ಹುಟ್ಟಿನ ಕಳಂಕ ಹೊತ್ತವರು ನಾವು. ನಮ್ಮವರೇ ಒಬ್ಬರ ಮೇಲೆ ಕಾಯಿಲೆಯ ಕಳಂಕ ಹೊರಿಸಿದರೆ ದೀಕ್ಷೆಗೆ ಅರ್ಥವೇನು?

*8. ಮನೆಯಲ್ಲಿ ಮಾಡಬೇಕಾದದ್ದು*

• 'ನನಗೆ ಕೇಳ್ತಿಲ್ಲ. ಆದರೆ ನಿನಗೆ ಕೇಳ್ತದೆ ಅಂತ ನಂಬ್ತೀನಿ. ಭಯ ಆಗ್ತದಾ?' ಎಂದು ಕೇಳಿ. 'ಸುಳ್ಳು' ಎನ್ನಬೇಡಿ. 'ಹೌದು, ನನಗೂ ಕೇಳ್ತದೆ' ಎಂದೂ ಹೇಳಬೇಡಿ.
• ಬಳ್ಳಾರಿಯಲ್ಲಿ ನಾವು ಈಗಲೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಸಿರುಗುಪ್ಪ, ಕುರುಗೋಡಿನವರು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ, ಇಲ್ಲವೇ ಆಶಾ ಕಾರ್ಯಕರ್ತೆಯಲ್ಲಿ ಮನೋವೈದ್ಯರು ಬರುವ ದಿನ ಕೇಳಿ.
• ಟೆಲಿ ಮಾನಸ್ ಉಚಿತ ಸಹಾಯವಾಣಿ: *14416*. ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.
• ದನಿ ನಿಂತಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಮೈ ದಪ್ಪಗಾದರೆ, ನಿದ್ದೆ ಹೆಚ್ಚಾದರೆ, ಕೈಕಾಲು ಬಿಗಿದರೆ ವೈದ್ಯರಿಗೆ ಹೇಳಿ, ಅವರು ಮಾತ್ರೆ ಬದಲಿಸುತ್ತಾರೆ.
• ನಿದ್ದೆ ಕೆಡಿಸಬೇಡಿ. ದನಿ ಬಂದಾಗ ಗಟ್ಟಿಯಾಗಿ ಓದುವುದು, ಹಾಡು ಗುನುಗುವುದು ಕೆಲವರಿಗೆ ನೆರವಾಗುತ್ತದೆ. ಒಳಮಾತಿನ ಯಂತ್ರಕ್ಕೆ ಬೇರೆ ಕೆಲಸ ಕೊಟ್ಟಂತೆ.
• ನಮ್ಮವರಿಗೇ ಒಂದು ಎಚ್ಚರಿಕೆ. ದನಿ ಕೇಳುವವರನ್ನು ಹತ್ತು ದಿನದ ಮೌನ ಧ್ಯಾನ ಶಿಬಿರಕ್ಕೆ ಕಳಿಸಬೇಡಿ, ಕಾಯಿಲೆ ಕೆರಳಬಹುದು. ವೈದ್ಯರನ್ನು ಕೇಳದೆ ಯಾವ ಸಾಧನೆಯೂ ಬೇಡ. ಸುತ್ತಪಠಣ ಮನೆಗೆ ನೆಮ್ಮದಿ ತರಬಹುದು, ಔಷಧಿಯ ಜಾಗ ತುಂಬಲಾರದು. ಪೂಜಾರಿಯ ಜಾಗದಲ್ಲಿ ಭಂತೇಜಿಯನ್ನು ಕೂರಿಸಿದರೆ ನಾವು ಬದಲಾದಂತಲ್ಲ.

ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೋಳದ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು ನೀವು ನೋಡಿದ್ದೀರಿ. ಇಲ್ಲಿಂದ ಗುತ್ತಿಯ ಕಡೆ ಹೋದರೆ ಎರ್ರಗುಡಿಯಲ್ಲಿ ಅವನ ದೊಡ್ಡ ಶಾಸನಗಳೂ ಇವೆ. ಆ ಶಾಸನಗಳ ಸಾಲಿನಲ್ಲಿ ಒಂಬತ್ತನೆಯದು, ಕಾಯಿಲೆ ಬಂದಾಗ ಜನ ಮಾಡುವ ಬಗೆಬಗೆಯ ಆಚರಣೆಗಳು ಅಲ್ಪ ಫಲದವು, ಧಮ್ಮದ ನಡೆಯೇ ನಿಜವಾದ ಆಚರಣೆ ಎಂಬ ಅರ್ಥ ಕೊಡುತ್ತದೆ. ನಮ್ಮ ನೆಲಕ್ಕೆ ಈ ಮಾತು ಹೊಸದಲ್ಲ.

*ಮನೆಯಲ್ಲಿ ಚರ್ಚಿಸಲು*
1. ನಮ್ಮ ಮನೆತನದಲ್ಲಿ 'ಮೈಮೇಲೆ ಬರುತ್ತಿತ್ತು' ಎನ್ನುವವರಿಗೆ ಏನಾಗಿದ್ದಿರಬಹುದು? ಅವರನ್ನು ನಾವು ಹೇಗೆ ನಡೆಸಿಕೊಂಡೆವು?
2. ನಮ್ಮ ಓಣಿಯಲ್ಲಿ ಗುಣವಾಗಿ ಬಂದವರಿಗೆ 'ಅಮೂಳ್ಹ ವಿನಯ' ಕೊಡುವುದೆಂದರೆ ಏನೇನು ಮಾಡಬೇಕು?

ಕಿವಿಯಲ್ಲಿ ಮಾತಾಡುವವರು ಯಾರು ಎಂದರೆ, ಹೊರಗಿನವರು ಯಾರೂ ಅಲ್ಲ. ದಣಿದ, ಹೆದರಿದ, ಸಹಾಯ ಬೇಕಾದ ಒಂದು ಮೆದುಳು. ಅದಕ್ಕೆ ಹೊರಗಿನಿಂದ ಒಂದು ಮೆತ್ತನೆಯ ದನಿಯೂ ಕೇಳುವಂತೆ ಮಾಡೋಣ.

ಈ ಚಿಂತನೆಯನ್ನು ನಿಮ್ಮ ಗುಂಪುಗಳಿಗೂ ಕಳಿಸಿ. ಯಾವ ಮನೆಯಲ್ಲಿ ಇದರ ಅಗತ್ಯವಿದೆಯೋ ಹೇಳಲಾಗದು.

ನಮೋ ಬುದ್ಧಾಯ. ಜೈ ಭೀಮ್.